ಅರ್ಧ ಎತ್ತಿದ ಶಟರು

ಮಾರ್ಚ್ 3

ತಮ್ಮನಿಗೆ,

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ಅಂಗಡಿಯ ಶಟರು ಎತ್ತುತ್ತಿದ್ದೇನೆ, ಅದು ಮುಗಿಯುತ್ತಲೇ ಇಲ್ಲ. ಎಷ್ಟು ಎತ್ತಿದರೂ ಕೆಳಗಿನಿಂದ ಇನ್ನಷ್ಟು ತಗಡು ಬರುತ್ತಿದೆ. ಹಿಂದೆ ಗಿರಾಕಿಗಳು ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಬಾಯಿ ತೆರೆದ ಬ್ಯಾಗು. ಆಮೇಲೆ ಮೇಲಿನಿಂದ ಏನೋ ಮೆತ್ತಗಿನದು ನನ್ನ ಕೈ ಮೇಲೆ ಬಿತ್ತು. ಏನೆಂದು ನೋಡುವ ಮೊದಲೇ ಎಚ್ಚರವಾಯಿತು. ಎದ್ದು ಕೈ ತೊಳೆದುಕೊಂಡು ಮಲಗಿದೆ. ಕನಸಿನಲ್ಲಿ ಬಿದ್ದದ್ದಕ್ಕೆ ಕೈ ತೊಳೆದಳು ಎಂದು ನೀನು ನಗುತ್ತೀಯ. ನಗು.

ಕನಸಿಗೆ ಕಾರಣ ಇದೆ. ಚಿಕ್ಕಮ್ಮನ ಸೊಂಟದ ಮೂಳೆ ಮುರಿಯಿತೆಂದು ನಾನು ಹೋಗಿದ್ದೆನಲ್ಲ, ಅವಳ ಮಗಳು ಬರುವತನಕ ಅಲ್ಲೇ ಇರಬೇಕಾಯಿತು. ಅಷ್ಟು ವಾರವೂ ಅಂಗಡಿ ಮುಚ್ಚಿತ್ತು. ಮೊನ್ನೆ ಬಂದು ಶಟರು ಅರ್ಧ ಎತ್ತುವಷ್ಟರಲ್ಲಿ ತಲೆಯ ಮೇಲೆ ಒಣಹುಲ್ಲು ಉದುರಿತು, ಒಳಗೆ ಏನೋ ಪಟಪಟ ಎಂದಿತು. ಎತ್ತುವ ಕೈ ಅಲ್ಲೇ ನಿಂತಿತು. ಬಗ್ಗಿ ಒಳಗೆ ಹೋಗಿ, ಸ್ಟೂಲು ಹತ್ತಿ, ಟಾರ್ಚು ಬಿಟ್ಟು ನೋಡಿದೆ. ಬಾಗಿಲಿನ ನೆತ್ತಿಯ ಮೇಲೆ ಶಟರು ಸುತ್ತಿಕೊಳ್ಳುವ ತಗಡಿನ ಡಬ್ಬಿ ಇದೆಯಲ್ಲ, ಅದರ ಒಂದು ಮೂಲೆಯಲ್ಲಿ ಗೊರವಂಕ ಗೂಡು ಕಟ್ಟಿದೆ. ನಾಲ್ಕು ಮೊಟ್ಟೆ, ತಿಳಿ ನೀಲಿ. ಗೂಡಿಗೆ ಹಾಕಿರುವುದರಲ್ಲಿ ಅರ್ಧ ನಮ್ಮದೇ ಸಾಮಾನು. ಕತ್ತರಿಸಿ ಹಿತ್ತಲಿನ ಡ್ರಮ್ಮಿಗೆ ಎಸೆದ ಜಿಪ್ಪಿನ ಪಟ್ಟಿ, ಮೇಣದ ದಾರದ ತುಂಡು, ಯಾರದೋ ಸೂಟ್‌ಕೇಸಿನ ಹೆಸರಿನ ಚೀಟಿ.

ಶಟರನ್ನು ಪೂರ್ತಿ ಎತ್ತಿದರೆ ಸುರುಳಿ ದಪ್ಪವಾಗಿ ಡಬ್ಬಿ ತುಂಬಿಬಿಡುತ್ತದೆ, ಗೂಡು ಜಜ್ಜಿಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಜಾಗ ಉಳಿಯುತ್ತದೆ. ಹಾಗಾಗಿ ಸೊಂಟದ ಮಟ್ಟಕ್ಕೆ ಎತ್ತಿ ಎರಡೂ ಕಡೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದೇನೆ. ಕತ್ತಲಾಗುವ ಮೊದಲು ಮೆಲ್ಲಗೆ ಇಳಿಸುತ್ತೇನೆ, ಮಗುವಿಗೆ ಹೊದಿಸುವ ಹಾಗೆ. ಮರದ ತುಂಡು ಜಾರಿದರೆ ಏನು ಗತಿ ಎಂದು ದಾರ ಪೋಣಿಸುವಾಗಲೂ ಅದೇ ಚಿಂತೆ. ಒಂದು ಹೊಲಿಗೆಗೆ ಒಂದು ಸಲ ತಿರುಗಿ ನೋಡುತ್ತೇನೆ.

ಇನ್ನೊಂದು ವಿಷಯ. ಮಾಲೀಕರು ಬಾಡಿಗೆಯ ಕರಾರು ಪತ್ರ ಕಳಿಸಿದ್ದಾರೆ. ಅಪ್ಪ ಹೋದ ಮೇಲೆ ಅಂಗಡಿ ನಮ್ಮಿಬ್ಬರ ಹೆಸರಿನಲ್ಲಿದೆಯಲ್ಲ, ಇಬ್ಬರ ಸಹಿಯೂ ಬೇಕಂತೆ. ಏಪ್ರಿಲ್ ಹತ್ತರೊಳಗೆ ಕೈಗೆ ಸಿಗದಿದ್ದರೆ ಪಕ್ಕದ ಕನ್ನಡಕದ ಅಂಗಡಿಯವರಿಗೆ ಕೊಡುತ್ತಾರಂತೆ. ಅವರು ನಡುಗೋಡೆ ಒಡೆದು ಅಂಗಡಿ ದೊಡ್ಡದು ಮಾಡುವ ಆಸೆಯಲ್ಲಿದ್ದಾರೆ. ನನ್ನ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಿನ್ನದು ಹಾಕಿ ಬೇಗ ಕಳಿಸು. ಅಂಚೆಯಲ್ಲಿ ಕಳೆದುಹೋದರೆ ಏನು ಮಾಡುವುದು ಎಂದು ಈಗಲೇ ಹೆದರಿಕೆ ಹತ್ತಿದೆ.

ಏಳನೇ ಕ್ಲಾಸಿಗೇ ಬಿಟ್ಟವಳ ಬರವಣಿಗೆ, ಹೊಂದಿಸಿಕೊಂಡು ಓದು.

ನಿನ್ನ ಅಕ್ಕ

*

ಮಾರ್ಚ್ 9

ಅಕ್ಕ,

ನಿನ್ನ ಕಾಗದ ಬಂತು. ಇಲ್ಲಿ ಆಸ್ಪತ್ರೆಯ ಲಿಫ್ಟಿಗೆ ಎರಡು ಮಹಡಿಯ ನಡುವೆ ನಿಲ್ಲುವ ಚಟ ಹಿಡಿದಿದೆ. ರಿಪೇರಿ ಮಾಡುತ್ತಾ ವಾರದಿಂದ ಅದರ ತಲೆಯ ಮೇಲೇ ನನ್ನ ಸಂಸಾರ. ಅದಕ್ಕೇ ಉತ್ತರ ತಡವಾಯಿತು.

ಗೂಡನ್ನು ಮೆಲ್ಲಗೆ ತೆಗೆದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೋರ್ಡಿನ ಪಕ್ಕ ಕಟ್ಟು. ಹಕ್ಕಿ ಹುಡುಕಿಕೊಂಡು ಬರುತ್ತದೆ. ಶಟರು ಪೂರ್ತಿ ಎತ್ತು. ಗಾಳಿ ಬೆಳಕು ಒಳಗೆ ಬರಲಿ.

ನಿದ್ದೆ ಹೇಗಿದೆ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯ ತಾನೆ? ಮಾತ್ರೆ ಮುಗಿದಿದ್ದರೆ ತರಿಸಿಕೋ, ಉದಾಸೀನ ಮಾಡಬೇಡ. ಚಿಕ್ಕಮ್ಮನ ಮನೆಯಲ್ಲಿ ದಣಿವಾಗಿರುತ್ತದೆ. ಆ ಗೂಡನ್ನು ನೀನಲ್ಲದೆ ಬೇರೆ ಯಾರಾದರೂ ನೋಡಿದ್ದಾರಾ?

ನಿನ್ನ ತಮ್ಮ

*

ಮಾರ್ಚ್ 15

ತಮ್ಮನಿಗೆ,

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ನಿದ್ದೆ ಬರುತ್ತಿದೆ, ಕನಸು ಬಿಟ್ಟರೆ. ಊಟ ಎರಡು ಹೊತ್ತು. ಮಾತ್ರೆ ಇದೆ, ತೆಗೆದುಕೊಳ್ಳುತ್ತಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ನಿನ್ನ ಉತ್ತರ ಇಲ್ಲ. ಕರಾರು ಪತ್ರ ಸಿಕ್ಕಿತೋ ಇಲ್ಲವೋ? ಲಕೋಟೆಯ ಒಳಗೇ ಅಂಟಿಕೊಂಡಿರಬಹುದು, ಗೋಂದು ಜಾಸ್ತಿ ಹಾಕಿದ್ದೆ. ನೋಡು.

ಗೂಡು ತೆಗೆಯಲು ಹೋದೆ. ಪೆಟ್ಟಿಗೆಯನ್ನೂ ಕತ್ತರಿಸಿ ರೆಡಿ ಮಾಡಿದ್ದೆ. ಕೈ ಹಾಕಿದಾಗ ಮೊಟ್ಟೆ ಬೆಚ್ಚಗಿತ್ತು. ಕೈ ವಾಪಸು ತೆಗೆದೆ. ಇದು ಮೂರ್ಖತನ ಎಂದು ನನಗೂ ಗೊತ್ತು. ಆದರೆ ಪೆಟ್ಟಿಗೆ ಬಿದ್ದರೆ? ಬೆಕ್ಕಿಗೆ ಸಿಕ್ಕಿದರೆ? ಹಕ್ಕಿಗೆ ಹೊಸ ಜಾಗ ತಿಳಿಯದೆ ಹೋದರೆ? ಈಗಿರುವ ಕಡೆ ಅವಕ್ಕೆ ನನ್ನಿಂದ ಮಾತ್ರ ಭಯ. ಅದು ನನ್ನ ಕೈಯಲ್ಲೇ ಇದೆ.

ಗಿರಾಕಿಗಳು ಬಗ್ಗಿ ಬರುತ್ತಾರೆ. ಬಸ್ಸಿನ ಕಂಡಕ್ಟರ್ ಚೀಲದ ಬಕಲ್ ಹಾಕಿಸಲು ಬಂದವನು ಏಳುವಾಗ ತಲೆ ಹೊಡೆಸಿಕೊಂಡ. ‘ಜಿಪ್ಪಕ್ಕ, ದುಡ್ಡು ಕೊಟ್ಟು ನಿಮಗೆ ನಮಸ್ಕಾರ ಬೇರೆ ಮಾಡಬೇಕಾ?’ ಅಂದ. ಬೇರೆ ಯಾರೂ ಪೆಟ್ಟು ತಿನ್ನಬಾರದೆಂದು ಒಂದು ರಟ್ಟಿಗೆ ದಪ್ಪ ಅಕ್ಷರದಲ್ಲಿ ‘ಒಳಗೆ ಮೊಟ್ಟೆ ಇದೆ, ಬಗ್ಗಿ ಬನ್ನಿ’ ಎಂದು ಬರೆದು ನೇತುಹಾಕಿದೆ. ಮಾರನೇ ದಿನ ಒಬ್ಬ ಅಜ್ಜಿ ಬುಟ್ಟಿ ಹಿಡಿದುಕೊಂಡು ಬಗ್ಗಿದರು.

‘ಮೊಟ್ಟೆ ಹೇಗೆ ಕೊಡ್ತೀಯಮ್ಮ?’

‘ಮಾರೋದಲ್ಲ ಅಜ್ಜಿ, ಹಕ್ಕೀದು.’

‘ಹಕ್ಕಿ ಅಲ್ಲದೆ ಇನ್ಯಾರು ಇಡ್ತಾರೆ ಮೊಟ್ಟೇನ?’

ಅವರಿಗೆ ಸಿಟ್ಟು ಬಂತು. ಸುಮ್ಮನೆ ಬಗ್ಗಿಸಿದೆ ಎಂದು ಬೈದು ಹೋದರು.

ಎದುರಿನ ಔಷಧಿ ಅಂಗಡಿಯವರಿಗೆ ಮಂಡಿ ನೋವು, ಅವರು ಬಗ್ಗುವಂತಿಲ್ಲ. ರಸ್ತೆಯಾಚೆಯಿಂದಲೇ ಕೂಗಿದರು. ‘ಏನು ಜಿಪ್ಪಕ್ಕ, ಅಂಗಡಿಗೇ ಅರ್ಧ ಜಿಪ್ಪು ಹಾಕಿದ್ದೀರಿ?’ ನಾನೂ ತಮಾಷೆಗೆ ‘ರನ್ನರ್ ಸಿಕ್ಕಿಹಾಕಿಕೊಂಡಿದೆ’ ಅಂದೆ. ಅವರು ನಗಲಿಲ್ಲ. ಮಂಡಿ ಬಹಳ ನೋಯುತ್ತಿತ್ತೇನೋ.

ಗೂಡನ್ನು ಬೇರೆ ಯಾರಿಗೂ ತೋರಿಸಿಲ್ಲ. ಪದೇ ಪದೇ ಟಾರ್ಚು ಬಿಟ್ಟರೆ ಹಕ್ಕಿ ಬಿಟ್ಟುಹೋಗುತ್ತದಂತೆ. ಅದನ್ನು ಯಾಕೆ ಕೇಳಿದೆ?

ಸಹಿ ಮಾತ್ರ ಮರೆಯಬೇಡ.

ಅಕ್ಕ

*

ಮಾರ್ಚ್ 20

ಅಕ್ಕ,

ಕರಾರು ಪತ್ರ ನನ್ನ ಹತ್ತಿರ ಭದ್ರವಾಗಿದೆ. ಅವಸರವೇನೂ ಇಲ್ಲ. ಮಾಲೀಕರ ಜೊತೆ ನಾನು ಮಾತಾಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಾನೊಂದು ಯೋಚನೆ ಮಾಡಿದ್ದೇನೆ. ಸ್ವಲ್ಪ ದಿನ ಇಲ್ಲಿಗೆ ಬಾ. ರೂಮು ಎರಡನೇ ಮಹಡಿಯಲ್ಲಿದೆ, ಎರಡು ಕಿಟಕಿ, ಬೆಳಿಗ್ಗೆ ಬಿಸಿಲು ಬರುತ್ತದೆ. ನಾನು ವರಾಂಡದಲ್ಲಿ ಮಲಗುತ್ತೇನೆ. ಇಲ್ಲಿಯ ದೊಡ್ಡ ಬಸ್ ನಿಲ್ದಾಣದ ಹತ್ತಿರ ಬ್ಯಾಗು ರಿಪೇರಿಯವರು ಸಾಲಾಗಿ ಕೂತಿದ್ದಾರೆ. ಒಬ್ಬರನ್ನು ಕೇಳಿಟ್ಟಿದ್ದೇನೆ, ನಿನ್ನ ಕೈಕೆಲಸ ನೋಡಿದರೆ ಬೇಡ ಅನ್ನುವುದಿಲ್ಲ. ಆಸ್ಪತ್ರೆಯ ಡಾಕ್ಟರರೂ ಲಿಫ್ಟಿನ ದೆಸೆಯಿಂದ ಪರಿಚಯ. ಒಬ್ಬಳೇ ಅಲ್ಲಿ ಕೂತು ಅದೇ ತಗಡಿನ ಸದ್ದು ಕೇಳುವುದಕ್ಕಿಂತ ಒಳ್ಳೆಯದು.

ಆ ರಟ್ಟನ್ನು ದಯವಿಟ್ಟು ತೆಗೆದುಬಿಡು.

ತಮ್ಮ

*

ಮಾರ್ಚ್ 28

ತಮ್ಮನಿಗೆ,

ಮೊದಲು ಬರೆಯಬೇಕಾದದ್ದು: ಮೂರು ಮೊಟ್ಟೆ ಒಡೆದಿವೆ, ಮೂರು ಮರಿ. ಒಂದು ಮೊಟ್ಟೆ ಹಾಗೇ ಉಳಿದಿದೆ.

ಮಾಲೀಕರ ಗುಮಾಸ್ತ ಬಾಡಿಗೆಗೆ ಬಂದಿದ್ದ. ಹೋಗುವಾಗ ‘ನಿಮ್ಮ ತಮ್ಮ ಸಹಿ ಹಾಕಲ್ವಂತಲ್ಲಮ್ಮ, ನಿಮಗೆ ಹುಷಾರಿಲ್ಲ ಅಂತ ಬರೆದಿದ್ದಾರಂತೆ’ ಅಂದ. ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ನನಗೆ ಗೊತ್ತಿದೆ ಎಂದೇ ತಿಳಿದುಕೊಂಡು ಹೇಳಿದ. ನಾನೂ ಗೊತ್ತಿರುವ ಹಾಗೇ ಮುಖ ಮಾಡಿದೆ. ಕೈಯಲ್ಲಿ ಸೂಟ್‌ಕೇಸಿನ ಚಕ್ರ ಇತ್ತು, ಅದನ್ನು ತಿರುಗಿಸುತ್ತಾ ಕೂತೆ.

ನನ್ನ ಕೈಗೆ ಏನೂ ಆಗಿಲ್ಲ. ಕಣ್ಣಿಗೆ ಏನೂ ಆಗಿಲ್ಲ. ಈ ವಾರ ಹನ್ನೊಂದು ಬ್ಯಾಗು ಮುಗಿಸಿದ್ದೇನೆ. ಅಪ್ಪ ತೀರಿಕೊಂಡ ವರ್ಷ ಶಟರು ಅರ್ಧಕ್ಕೆ ನಿಂತದ್ದು ನನ್ನಿಂದ. ಈ ವರ್ಷ ನಿಂತಿರುವುದು ಹಕ್ಕಿಯಿಂದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಒಪ್ಪುತ್ತೇನೆ. ನೀನು ಹೊರಗಿನವನಲ್ಲ ಎಂದುಕೊಂಡಿದ್ದೆ.

ಎರಡು ಕಿಟಕಿಯ ರೂಮು ಒಳ್ಳೆಯದೇ ಇರಬಹುದು. ನಾನು ಬರುವುದಿಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಕೂತು ಅವರು ಹೇಳಿದ ಹೊಲಿಗೆ ಹಾಕಲು ನನಗೆ ಬರುವುದಿಲ್ಲ. ಈ ಅಂಗಡಿ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಾಗುವುದಿಲ್ಲ. ಅಷ್ಟೇ.

ಸಹಿ ಹಾಕದಿದ್ದರೆ ಪತ್ರವನ್ನಾದರೂ ವಾಪಸು ಕಳಿಸು.

ಅಕ್ಕ

*

ಏಪ್ರಿಲ್ 2

ಅಕ್ಕ,

ಬೈದು ಬರೆದಿದ್ದರೆ ಓದುವುದು ಸುಲಭವಾಗುತ್ತಿತ್ತು.

ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ನಿನ್ನ ಮೊದಲ ಕಾಗದ ಬಂದ ವಾರದಲ್ಲೇ ಔಷಧಿ ಅಂಗಡಿಯವರು ಇಲ್ಲಿ ಆಫೀಸಿಗೆ ಫೋನು ಮಾಡಿದ್ದರು. ಆಮೇಲೆ ಇನ್ನೊಂದು ಸಲ. ‘ನೋಡಪ್ಪ, ನಿಮ್ಮಕ್ಕ ಮತ್ತೆ ಶಟರು ಅರ್ಧ ಹಾಕಿಕೊಂಡು ಒಳಗೇ ಕೂತಿರ್ತಾರೆ. ಒಳಗೆ ಮೊಟ್ಟೆ ಇದೆ ಅಂತ ಬೋರ್ಡು ಬರೆದಿದ್ದಾರೆ. ಕೇಳಿದ್ರೆ ಏನೋ ಸಿಕ್ಕಿಹಾಕಿಕೊಂಡಿದೆ ಅಂತಾರೆ. ಆವಾಗಾವಾಗ ತಲೆ ಎತ್ತಿ ಮೇಲೇ ನೋಡ್ತಿರ್ತಾರೆ’ ಅಂದರು. ಪಾಪ, ಒಳ್ಳೆಯದಕ್ಕೇ ಹೇಳಿದರು. ನೀನು ಅವರ ಅಂಗಡಿಯ ಫೋನಿನಲ್ಲಿ ಮಾತಾಡಲು ಒಪ್ಪುವುದಿಲ್ಲ, ಅವರ ಕಿವಿ ನಮ್ಮ ಮಧ್ಯೆ ಇರುತ್ತದೆ ಅನ್ನುತ್ತೀಯ. ನಾನು ಇನ್ನು ಯಾರನ್ನು ಕೇಳಲಿ?

ಎರಡು ವರ್ಷದ ಹಿಂದೆ ನೀನು ನನಗೆ ಬರೆದದ್ದು ನಿನಗೆ ನೆನಪಿಲ್ಲ ಅನ್ನಿಸುತ್ತದೆ. ನೆನಪಿಸಬಾರದು ಎಂದು ಡಾಕ್ಟರರು ಹೇಳಿದ್ದರು, ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಆಗಲೂ ಶಟರು ಅರ್ಧಕ್ಕೇ ಇತ್ತು. ಆಗಲೂ ಅದೇ ಡಬ್ಬಿ. ‘ಮೇಲಿನ ಡಬ್ಬಿಯಲ್ಲಿ ಯಾರೋ ಇದ್ದಾರೆ, ಉಸಿರಾಡುವುದು ಕೇಳಿಸುತ್ತದೆ, ಗಂಟಲು ಸರಿ ಮಾಡಿಕೊಳ್ಳುವುದು ಕೇಳಿಸುತ್ತದೆ, ತಗಡು ಕೆರೆಯುತ್ತಾರೆ’ ಎಂದು ನೀನು ಬರೆದಿದ್ದೆ. ಅದು ಅಪ್ಪನೇ ಇರಬಹುದು ಎಂದೂ ಬರೆದಿದ್ದೆ. ನಾನು ರಜೆ ಹಾಕಿ ಎರಡು ದಿನ ರೈಲಿನಲ್ಲಿ ಬಂದೆ. ಏಣಿ ಹಾಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಏನೂ ಇರಲಿಲ್ಲ. ನಿನಗೆ ನಂಬಿಕೆ ಬರಲಿ ಎಂದು ನಿನ್ನ ಎದುರಿಗೇ ಶಟರನ್ನು ಪೂರ್ತಿ ಎತ್ತಿ ಇಳಿಸಿ ತೋರಿಸಿದೆ. ಆಮೇಲೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಈಗ ಅದೇ ಡಬ್ಬಿಯಲ್ಲಿ ಹಕ್ಕಿ ಇದೆ ಎಂದು ನೀನು ಬರೆದರೆ ನಾನು ಏನೆಂದುಕೊಳ್ಳಬೇಕು ಹೇಳು.

ನಾನು ಕೇಳುವುದು ಇಷ್ಟೇ. ಒಂದು ಸಲ, ಔಷಧಿ ಅಂಗಡಿಯವರು ನೋಡುವಾಗ, ಶಟರನ್ನು ಪೂರ್ತಿ ಎತ್ತು. ಅವರು ನನಗೆ ಫೋನು ಮಾಡಲಿ. ಅವತ್ತೇ ಸಹಿ ಹಾಕಿ ಅಂಚೆಗೆ ಹಾಕುತ್ತೇನೆ. ಹಕ್ಕಿ ನಿಜವಾಗಿ ಇದ್ದರೆ ನನ್ನದು ತಪ್ಪು. ಆದರೂ ಹಕ್ಕಿಗಿಂತ ನೀನು ನನಗೆ ಮುಖ್ಯ.

ತಮ್ಮ

*

ಏಪ್ರಿಲ್ 7

ತಮ್ಮನಿಗೆ,

ಎತ್ತುವುದಿಲ್ಲ.

ನಿನ್ನ ಕಾಗದ ಓದಿ ಮಡಿಸಿಟ್ಟೆ. ಬರೆದದ್ದು ನನಗೆ ನೆನಪಿರಲಿಲ್ಲ. ಸದ್ದು ಕೇಳಿದ್ದು ನೆನಪಿತ್ತು, ಅದು ತಲೆಯೊಳಗಿನದು ಎಂದು ನೀವೆಲ್ಲ ಹೇಳಿದ ಮೇಲೆ ಹಾಗೇ ಇಟ್ಟುಕೊಂಡಿದ್ದೆ. ಅಪ್ಪನ ಹೆಸರು ಎತ್ತಿದ್ದು ಗೊತ್ತೇ ಇರಲಿಲ್ಲ.

ಓದಿದ ಮೇಲೆ ಅವತ್ತು ಸ್ಟೂಲು ಹತ್ತಲಿಲ್ಲ. ಮಾರನೇ ದಿನವೂ ಹತ್ತಲಿಲ್ಲ. ಹತ್ತಿ ನೋಡಿದಾಗ ಗೂಡು ಇಲ್ಲದಿದ್ದರೆ ಏನು ಮಾಡುವುದು ಎಂದು ಕೂತೆ. ಕಣ್ಣಿಂದ ನೋಡಿದ್ದೇನೆ, ಕೈಯಿಂದ ಮುಟ್ಟಿದ್ದೇನೆ. ಆದರೆ ಆಗಲೂ ನನಗೆ ಇಷ್ಟೇ ಖಾತ್ರಿ ಇತ್ತಲ್ಲ. ಮೇಲೆ ಚಿಲಿಪಿಲಿ ಶುರುವಾದರೆ ನಾನು ಹೊಲಿಗೆ ಮೆಷಿನ್ನು ತುಳಿಯುತ್ತಿದ್ದೆ. ಒಬ್ಬ ಗಿರಾಕಿಯನ್ನು ‘ಏನಾದ್ರೂ ಸದ್ದು ಕೇಳ್ತಿದೆಯಾ?’ ಎಂದು ಕೇಳಿದೆ. ‘ಮೆಷಿನ್ನಿಗೆ ಎಣ್ಣೆ ಹಾಕಿ’ ಅಂದ. ಅವನು ಹೋದ ಮೇಲೆ, ಮರಿ ಕೂಗಲಿಲ್ಲವೋ ಅವನಿಗೆ ಕೇಳಿಸಲಿಲ್ಲವೋ ಎಂದು ಯೋಚಿಸುತ್ತಾ ಒಂದೇ ಜಿಪ್ಪನ್ನು ಎರಡು ಸಲ ತಲೆಕೆಳಗಾಗಿ ಹೊಲಿದೆ.

ನಿನ್ನೆ ಮಾಲೀಕರೇ ಬಂದರು. ಅವರ ಹೊಟ್ಟೆಗೆ ಬಗ್ಗುವುದು ಸಣ್ಣ ಕೆಲಸ ಅಲ್ಲ. ಒಳಗೆ ಬಂದು ಮಂಡಿ ಒರೆಸಿಕೊಳ್ಳುತ್ತಾ ‘ಏನಮ್ಮ ಇದು, ಅಂಗಡಿಯೋ ಬಿಲವೋ?’ ಅಂದರು. ನಾನು ಕುರ್ಚಿ ಕೊಟ್ಟೆ.

‘ಹತ್ತನೇ ತಾರೀಕು ಅಂದ್ರೆ ಹತ್ತನೇ ತಾರೀಕು. ಕನ್ನಡಕದವರು ದಿನಾ ತಲೆ ತಿಂತಿದ್ದಾರೆ. ನಿಮ್ಮ ತಮ್ಮ ನೋಡಿದ್ರೆ ಹಾಗೆ ಬರೀತಾನೆ, ನೀವು ನೋಡಿದ್ರೆ ಹೀಗೆ ಕೂತಿದ್ದೀರಿ. ಅರೆ, ಇದೇನಿದು ಮೇಲೆ?’

‘ಏನು?’ ಅಂದೆ.

‘ಏನು ಅಂದ್ರೆ? ಕೇಳ್ತಿಲ್ವಾ?’

‘ನಿಮಗೆ ಕೇಳ್ತಿದೆಯಾ?’

‘ನಾನೇನು ಕಿವುಡನಾ? ಹಕ್ಕಿ ಮರಿ ಅಲ್ವಾ ಅದು?’

‘ಎಷ್ಟಿರಬಹುದು?’

ಅವರು ನನ್ನ ಮುಖ ನೋಡಿದರು. ಆಮೇಲೆ ಟಾರ್ಚು ಇಸಿದುಕೊಂಡು ಸ್ಟೂಲು ಹತ್ತಿದರು. ಸ್ಟೂಲಿನ ಕಾಲು ಹಿಡಿದುಕೊಂಡು ನಾನು ನೆಲ ನೋಡುತ್ತಾ ನಿಂತೆ.

‘ಮೂರು’ ಅಂದರು. ‘ಬಾಯಿ ಬಿಟ್ಟರೆ ಬರೀ ಹಳದಿ. ಬಾಡಿಗೆ ಕೊಡದೇ ಇರೋರ ಜೋರು ನೋಡಮ್ಮ.’

ಇಳಿದ ಮೇಲೆ ನೀರು ಕೇಳಿ ಕುಡಿದರು. ಹತ್ತನೇ ತಾರೀಕಿನ ಮಾತು ಬಿಟ್ಟರು. ಮರಿ ಹಾರಿಹೋಗುವತನಕ ಕಾಯುತ್ತೇನೆ, ಆಮೇಲೆ ಒಂದು ದಿನವೂ ಇಲ್ಲ ಅಂದರು. ನಿನಗೆ ಫೋನು ಮಾಡುತ್ತಾರಂತೆ.

ಅವರು ‘ಮೂರು’ ಎಂದಾಗ ನನಗೆ ಅಂಗಡಿ ಉಳಿಯಿತು ಅನ್ನಿಸಲಿಲ್ಲ. ಬೇರೆ ಏನೋ ಉಳಿಯಿತು ಅನ್ನಿಸಿತು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅಕ್ಕ

*

ಏಪ್ರಿಲ್ 13

ಅಕ್ಕ,

ಮಾಲೀಕರ ಫೋನು ಬಂದಿತ್ತು. ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇದ್ದವನನ್ನು ಮೇಲೆ ಕರೆಸಿ ಮಾತಾಡಿದರು. ‘ನಿಮ್ಮಕ್ಕ ನಿಮಗಿಂತ ಹುಷಾರಾಗಿದ್ದಾರೆ, ಮೊದಲು ಸಹಿ ಹಾಕಪ್ಪ’ ಅಂದರು. ನಿಂತ ಜಾಗದಲ್ಲೇ ಹಾಕಿದೆ. ಗ್ರೀಸು ಅಂಟಿದೆ, ಕ್ಷಮಿಸಲು ಮಾಲೀಕರಿಗೆ ಹೇಳು. ಪತ್ರ ಇದರ ಜೊತೆ ಇದೆ. ಗೋಂದು ಕಡಿಮೆ ಹಾಕಿದ್ದೇನೆ.

ನನ್ನದು ತಪ್ಪಾಯಿತು. ಆವತ್ತಿನದು ಬೇರೆ, ಈಗಿನದು ಬೇರೆ ಎಂದು ನೀನು ಹೇಳಿದಾಗಲೇ ಕೇಳಬೇಕಿತ್ತು. ಆವತ್ತು ಸದ್ದು ನಿನ್ನ ತಲೆಯಲ್ಲಿತ್ತು, ಇವತ್ತು ಡಬ್ಬಿಯಲ್ಲಿದೆ. ಎರಡನ್ನೂ ಒಂದು ಮಾಡಿ ನೋಡಿದ್ದು ನಾನು.

ಮರಿ ಹಾರಿದ ಮೇಲೆ ಡಬ್ಬಿಯ ಎರಡೂ ತುದಿಯ ಮುಚ್ಚಳ ತೆಗೆದು ಕಸ ತೆಗೆಸು. ಹುಲ್ಲು ಸ್ಪ್ರಿಂಗಿಗೆ ಸುತ್ತಿಕೊಂಡರೆ ಒಂದು ದಿನ ಶಟರು ದಬ್ ಎಂದು ಬೀಳುತ್ತದೆ. ಬೋರ್ಡಿನ ಹಿಂದಿರುವ ಸಂದಿಗೆ ಜಾಲರಿ ಹೊಡೆಸು. ಮುಂದಿನ ವರ್ಷ ಮತ್ತೆ ನಾವಿಬ್ಬರೂ ಜಗಳವಾಡಬೇಕಿಲ್ಲ.

ತಮ್ಮ

*

ಏಪ್ರಿಲ್ 26

ತಮ್ಮನಿಗೆ,

ಕರಾರು ಪತ್ರ ಮಾಲೀಕರಿಗೆ ಮುಟ್ಟಿತು. ಗ್ರೀಸು ನೋಡಿ ನಕ್ಕರು. ಅಂಗಡಿ ಇನ್ನು ನಮ್ಮದೇ. ಕನ್ನಡಕದವರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಹತ್ತಿರ ಹೋದರೆ ಯಾವುದೋ ಕನ್ನಡಕ ಒರೆಸಲು ಶುರು ಮಾಡುತ್ತಾರೆ.

ಮರಿಗಳು ಒಂದೇ ಸಲ ಹೋಗಲಿಲ್ಲ. ಎರಡು ಹೋದವು. ಮೂರನೆಯದು ಡಬ್ಬಿಯ ಅಂಚಿಗೆ ಬಂದು ರಸ್ತೆ ನೋಡುವುದು, ಒಳಗೆ ಹೋಗುವುದು. ತಾಯಿ ಎದುರಿನ ತಂತಿಯ ಮೇಲೆ ಕೂತು ಕರೆಯುತ್ತಿತ್ತು. ಕಂಡಕ್ಟರ್ ಎರಡು ದಿನ ಟ್ರಿಪ್ಪಿನ ಮಧ್ಯೆ ಬಂದು ‘ಇಳೀತಾ ನಿಮ್ಮ ಪ್ಯಾಸೆಂಜರ್ರು?’ ಎಂದು ಕೇಳಿ ಹೋದ. ಕೊನೆಗೆ ನಾನು ಊಟಕ್ಕೆ ಕೂತಾಗ ಹೋಗಿಬಿಟ್ಟಿದೆ, ನೋಡಲು ಆಗಲಿಲ್ಲ. ವಾಪಸು ಬಂದರೆ ಎಂದು ಇನ್ನೂ ಎರಡು ದಿನ ಕಾದೆ. ಬರಲಿಲ್ಲ.

ಆಮೇಲೆ ನೀನು ಹೇಳಿದ ಹಾಗೆ ಮಾಡಿದೆ. ಔಷಧಿ ಅಂಗಡಿಯವರ ಏಣಿ ತಂದೆ. ಅವರು ತಾವೇ ಬಂದು ಕೆಳಗೆ ಏಣಿ ಹಿಡಿದು ನಿಂತರು. ಫೋನು ಮಾಡಿದ್ದಕ್ಕೆ ನಾಚಿಕೆ ಇರಬೇಕು, ನಾನು ಆ ಮಾತು ಎತ್ತಲಿಲ್ಲ. ಬಲಗಡೆಯ ಮುಚ್ಚಳ ಬೇಗ ಬಂತು. ಆ ಕಡೆ ಸ್ಪ್ರಿಂಗು, ಧೂಳು, ಅಷ್ಟೇ. ಎಡಗಡೆಯದು ಬಹಳ ಕಷ್ಟವಾಯಿತು. ಕನ್ನಡಕದವರ ಗೋಡೆಗೆ ಅಂಟಿಕೊಂಡಿದೆ, ಅಡ್ಡಕ್ಕೆ ಕರೆಂಟಿನ ಮೀಟರಿನ ಪೆಟ್ಟಿಗೆ. ಗೂಡು ಇದ್ದದ್ದು ಆ ಕಡೆಯೇ. ಸ್ಕ್ರೂಗಳ ಮೇಲೆ ಅಪ್ಪ ಹೊಡೆಸಿದ ಹಸಿರು ಪೇಂಟು ಗಟ್ಟಿಯಾಗಿ ಕೂತಿತ್ತು. ಒಂದೊಂದನ್ನೂ ಕೆರೆದು ತಿರುಗಿಸಬೇಕಾಯಿತು.

ಗೂಡು ಎರಡು ಕೈ ತುಂಬ ಬಂತು. ಒಡೆಯದ ಮೊಟ್ಟೆಯೂ ಇತ್ತು. ಕೆಳಗೆ ಕೊಟ್ಟೆ. ಒರೆಸೋಣ ಎಂದು ಬಟ್ಟೆ ಹಾಕಿದರೆ ಅದರ ಕೆಳಗೆ, ಹಿಂದಿನ ಮೂಲೆಗೆ, ಇನ್ನೊಂದು ಏನೋ ಅಂಟಿಕೊಂಡಿತ್ತು. ರಟ್ಟು ಎಂದುಕೊಂಡೆ. ದಬ್ಬಳದಿಂದ ಎಬ್ಬಿಸಿ ತೆಗೆದೆ. ಅದೂ ಗೂಡೇ. ಹಳೆಯದು, ಕಾಗದದ ಹಾಗೆ ಒತ್ತಿಕೊಂಡು ಹೋಗಿತ್ತು. ಹುಲ್ಲಿನ ನಡುವೆ ಕಂದು ಚೌಕುಳಿ ಲೈನಿಂಗ್ ಬಟ್ಟೆಯ ಚೂರು. ಆ ಬಟ್ಟೆ ಅಪ್ಪ ತಂದಿದ್ದ ಕೊನೆಯ ಉರುಳೆಯದು. ಅಪ್ಪ ತೀರಿಕೊಂಡ ವರ್ಷವೇ ಮುಗಿಯಿತು, ಆಮೇಲೆ ಆ ಬಣ್ಣ ಅಂಗಡಿಗೆ ಬಂದಿಲ್ಲ. ಬಟ್ಟೆಯ ಜೊತೆ ಸಣ್ಣ ಮೂಳೆಗಳು, ಕೊಕ್ಕು. ಎರಡೋ ಮೂರೋ ಮರಿ ಇರಬೇಕು. ಬಿಡಿಸಿ ಎಣಿಸಲಿಲ್ಲ.

ಔಷಧಿ ಅಂಗಡಿಯವರು ‘ಏನದು?’ ಅಂದರು. ಕಸ ಅಂದೆ.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ವಾರ ಕಳೆದೆ. ನಿನ್ನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ನೀನು ಎರಡು ದಿನ ನಿದ್ದೆಗೆಟ್ಟು ಬಂದಿದ್ದೆ. ಬಂದ ವೇಷದಲ್ಲೇ ಏಣಿ ಹತ್ತಿದ್ದೆ. ನನಗೆ ಆಗ ಹುಷಾರಿರಲಿಲ್ಲ ಅನ್ನುವುದೂ ನಿಜ. ಊಟ ಬಿಟ್ಟಿದ್ದೆ, ಬೀದಿಗೆ ಕಾಲಿಡಲು ಆಗುತ್ತಿರಲಿಲ್ಲ, ಅಪ್ಪ ಉಸಿರಾಡುತ್ತಿದ್ದಾನೆ ಎಂದು ಬರೆದಿದ್ದೆನಂತೆ. ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು ಒಳ್ಳೆಯದೇ ಆಯಿತು. ಮಾತ್ರೆಯಿಂದ ನಿದ್ದೆ ಬಂತು. ಅದನ್ನೆಲ್ಲ ಬೇಡ ಅನ್ನುವುದಿಲ್ಲ. ಆದರೆ ಸದ್ದಿನ ವಿಷಯ ಬೇರೆ. ನೀನು ಶಟರು ಪೂರ್ತಿ ಎತ್ತಿ ಇಳಿಸಿ ಎತ್ತಿ ತೋರಿಸಿದ ಮೇಲೆ ಅದು ನಿಂತುಹೋಯಿತು. ಈಗ ಕೇಳುತ್ತಿದೆಯಾ ಎಂದು ನೀನು ಕೇಳಿದೆ, ಇಲ್ಲ ಅಂದೆ. ನಿನ್ನ ಮುಖದಲ್ಲಿ ಎಷ್ಟು ಸಮಾಧಾನ ಇತ್ತು ಎಂದರೆ, ನನಗೂ ವಾಸಿಯಾಯಿತು ಅಂತಲೇ ಅಂದುಕೊಂಡೆ. ಅದನ್ನು ಡಾಕ್ಟರರೂ ಬರೆದುಕೊಂಡರು.

ಮುಂದಿನ ತಿಂಗಳು ಅವರ ಹತ್ತಿರ ಹೋಗಬೇಕು. ಆ ಸದ್ದಿನ ವಿಷಯ ಅವರಿಗೆ ಹೇಳಬೇಕು ಎಂದಿದ್ದೇನೆ. ಹೇಳುವ ಮೊದಲು ನನಗೆ ಖಾತ್ರಿ ಬೇಕು. ಅವತ್ತು ನೀನು ಏಣಿ ಹತ್ತಿದಾಗ ನಾನು ಒಳಗೆ ಮೆಷಿನ್ನಿನ ಹಿಂದೆ ಕೂತಿದ್ದೆ, ನಿನ್ನ ಕಾಲು ಮಾತ್ರ ಕಾಣುತ್ತಿತ್ತು, ಯಾವ ಕಡೆ ಎಂದು ಎಷ್ಟು ನೆನೆದರೂ ಹೊಳೆಯುತ್ತಿಲ್ಲ. ಎಡಗಡೆಯ ಸ್ಕ್ರೂಗಳ ಪೇಂಟು ನೋಡಿದರೆ ಅದನ್ನು ಯಾರೂ ಬಿಚ್ಚಿಲ್ಲ ಅನ್ನಿಸುತ್ತದೆ, ಆದರೆ ನೀನು ಮತ್ತೆ ಪೇಂಟು ಹಚ್ಚಿಸಿ ಹೋಗಿರಲೂಬಹುದು, ನನಗೆ ಗೊತ್ತಿಲ್ಲ. ಬೇಜಾರು ಮಾಡಿಕೊಳ್ಳದೆ ಇನ್ನೊಂದು ಸಲ ಸರಿಯಾಗಿ ನೆನಪು ಮಾಡಿಕೊಂಡು ಬರೆ. ಅವತ್ತು ನೀನು ತೆಗೆದು ನೋಡಿದ್ದು ಎಡಗಡೆಯ ಮುಚ್ಚಳವೋ, ಬಲಗಡೆಯದೋ?

ಅಕ್ಕ